ಗಂಗವ್ವನ ಥೈರಾಯ್ಡೂ ನಮ್ಮ ಮನೆಯ ಬೆಣ್ಣೆಯೂ

ಬೆಕ್ಕಿಗೆ ಮಾತ್ರೆ ಕೊಡುವ ಮನೆಯಲ್ಲಿ ನಗುವಿಗೆ ಬೇರೆ ಏರ್ಪಾಡು ಬೇಡ. ಬೆಳಿಗ್ಗೆ ಒಂದು, ಸಂಜೆ ಒಂದು, ತಾನಾಗಿಯೇ ಒದಗಿ ಬರುತ್ತದೆ. ನಾನು ಹುಟ್ಟಿದ್ದು ಗದಗಿನ ಕಡೆ, ಮದುವೆಯಾಗಿ ಬಂದದ್ದು ಕಾಪುವಿಗೆ. ಇಲ್ಲಿ ನನಗೆ ಹೆಸರಿಡುವ ಅಧಿಕಾರ ಸಿಕ್ಕಿದ್ದು ಬೆಕ್ಕಿನ ವಿಷಯದಲ್ಲಿ ಮಾತ್ರ. ಅದಕ್ಕೆ ನಮ್ಮೂರ ಕಡೆಯ ಹೆಂಗಸರ ಹೆಸರನ್ನೇ ಇಟ್ಟೆ: ಗಂಗವ್ವ. ಮುದಿ ಬೆಕ್ಕು. ಹೊರಗಿನಿಂದ ಬಂದರೆ ಓಡಿಬಂದು ನನ್ನ ಕಾಲಿಗೆ ತಲೆ ತಿಕ್ಕುವವಳು ಈ ಊರಲ್ಲಿ ಅವಳೊಬ್ಬಳೇ.

೧. ಸ್ವಭಾವದ ಬದಲಾವಣೆ

ಗಂಗವ್ವ ಇದ್ದಕ್ಕಿದ್ದಂತೆ ಬಕಾಸುರನ ಹಾಗೆ ತಿನ್ನತೊಡಗಿದಳು. ತಿಂದಷ್ಟೂ ಸೊರಗಿದಳು. ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದಲೇ ತೀರ್ಪು ಕೊಟ್ಟರು: "ನೀವು ಘಟ್ಟದ ಮೇಲಿನವರು. ಬೆಕ್ಕಿಗೆ ಜೋಳದ ರೊಟ್ಟಿ ಹಾಕಿದ್ರೆ ಇನ್ನೆಂತ ಆಗ್ತದೆ?"

ಹೆದರಿ ಮಣಿಪಾಲಕ್ಕೆ ಒಯ್ದೆವು. ಪ್ರಾಣಿಗಳ ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿದರು, ರಕ್ತ ತೆಗೆದರು. ಆಮೇಲೆ ಗಂಗವ್ವ ಕೂತಿದ್ದ ನನ್ನ ಮಡಿಲಿನ ಕಡೆ ಕೈ ತೋರಿಸಿ ನಮ್ಮ ಯಜಮಾನರನ್ನು ಕೇಳಿದರು: "ಸ್ವಭಾವ ಬದಲಾಗಿದೆಯಾ? ಸುಮ್ಮಸುಮ್ಮನೆ ಸಿಟ್ಟು, ಕಿರುಚುವುದು, ಕೂತಲ್ಲಿ ಕೂರದೆ ಓಡಾಡುವುದು?"

"ಉಂಟು ಡಾಕ್ಟ್ರೇ," ಅಂದರು ಇವರು, ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ. "ಮದುವೆ ಆದಾಗಿನಿಂದಲೂ ಉಂಟು."

"ನಾನು ಕೇಳಿದ್ದು ಬೆಕ್ಕಿನದ್ದು," ಅಂದರು ಡಾಕ್ಟರಮ್ಮ.

೨. ಆ ಅನ್ನು

ಥೈರಾಯ್ಡ್ ಜೋರಾಗಿ ಓಡುತ್ತಿದೆಯಂತೆ. ಬೆಳಿಗ್ಗೆ ಸಂಜೆ ಮಾತ್ರೆ ತಪ್ಪಬಾರದು, ಪುಡಿ ಮಾಡಬಾರದು. ತಿಂಗಳು ಬಿಟ್ಟು ಬರುವಾಗ ತೂಕ ಏರಿರಬೇಕು. "ಏರದಿದ್ರೆ ಹೃದಯಕ್ಕೆ ಕಷ್ಟ ಅಮ್ಮ. ವಯಸ್ಸಾಗಿದೆ ಅಲ್ವಾ," ಅಂದರು ಡಾಕ್ಟರಮ್ಮ. ಬರುವ ದಾರಿಯುದ್ದಕ್ಕೂ ನಾನು ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಗಂಗವ್ವನನ್ನು ಇಲ್ಲಿಯವರು ಬೈರಾಸು ಎನ್ನುವ ಟವೆಲಿನಲ್ಲಿ ಸುತ್ತಿದೆವು, ತಲೆ ಮಾತ್ರ ಹೊರಗೆ. ಇವರು ಹಿಡಿದರು, ನಾನು ಮಾತ್ರೆ ಎತ್ತಿಕೊಂಡೆ. "ಆ ಅನ್ನವ್ವಾ, ಆ..." ಎಂದೆ. ಇವರೂ "ಆ..." ಎಂದರು. ಗಂಗವ್ವ ಬಾಯಿ ಬಿಗಿದುಕೊಂಡು ನಮ್ಮಿಬ್ಬರ ಹಲ್ಲನ್ನು ಪರೀಕ್ಷೆ ಮಾಡುತ್ತಿದ್ದಳು. ಕೊತ್ತಂಬರಿ ಸೊಪ್ಪು ಕೊಡಲು ಬಂದ ಪಕ್ಕದ ಮನೆಯ ಅಕ್ಕ ಕಿಟಕಿಯಲ್ಲಿ ಇಣುಕಿ, ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ಬೆಕ್ಕು ನಿಮಗೆ ಎಂತ ಮದ್ದು ಕೊಡ್ತಾ ಉಂಟು?"

೩. ಒಂದೇ ಒಂದು ಬೂತಾಯಿ

ಮೀನಿನೊಳಗೆ ಮಾತ್ರೆ ಇಟ್ಟರೆ ಸುಲಭ ಎಂದು ಎಲ್ಲರೂ ಹೇಳಿದರು. ನಮ್ಮದು ಮೀನು ತಿನ್ನುವ ಮನೆಯಲ್ಲ. ಇಷ್ಟು ವರ್ಷ ಕಡಲಿನ ಪಕ್ಕವೇ ಇದ್ದೂ ಮೀನಿನ ಬುಟ್ಟಿಯೊಳಗೆ ಇಣುಕಿದವಳಲ್ಲ ನಾನು. ಆದರೂ ತೂಕ ಏರಬೇಕಲ್ಲ! ಸೆರಗನ್ನು ಮೂಗಿಗೆ ಒತ್ತಿಕೊಂಡು ಗೇಟಿನ ಹತ್ತಿರ ನಿಂತೆ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿದಳು.

"ಒಂದು ಬೂತಾಯಿ ಕೊಡು."

"ಒಂದೇ ಒಂದಾ?"

"ಬೆಕ್ಕಿಗೆ," ಎಂದೆ, ಬೀದಿಗೆಲ್ಲ ಕೇಳುವ ಹಾಗೆ.

ಅವಳು ನಕ್ಕು, ಎರಡು ಮೀನು ಹೆಚ್ಚಿಗೆ ಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿದಳು. "ಹೆದರ್ಬೇಡಿ ಅಮ್ಮಾ, ನಾನು ಯಾರಿಗೂ ಹೇಳುವುದಿಲ್ಲ. ಈ ಬೀದಿಯಲ್ಲಿ ಮೊದಲ ಸಲ ಎಲ್ಲರೂ ಬೆಕ್ಕಿಗೇ ಅಂತ್ಲೇ ತಗೊಂಡದ್ದು."

ಗಂಗವ್ವ ಮೂರೂ ಮೀನು ತಿಂದಳು. ಮಾತ್ರೆಯನ್ನು ಮಾತ್ರ ತೊಳೆದಿಟ್ಟ ಹಾಗೆ ತಟ್ಟೆಯ ನಡುವೆ ಬಿಟ್ಟಳು.

೪. ಬೆಣ್ಣೆಯ ಇಲಾಖೆ

ಕೊನೆಗೆ ಗೆದ್ದದ್ದು ಬೆಣ್ಣೆ. ಮೊದಲು ಬರೀ ಬೆಣ್ಣೆಯ ಒಂದು ಉಂಡೆ, ಆಮೇಲೆ ಮಾತ್ರೆ ಇಟ್ಟದ್ದು, ಮೇಲಿಂದ ಮತ್ತೊಂದು ಬರೀ ಉಂಡೆ. ಈ ಉಪಾಯ ಕಂಡುಹಿಡಿದದ್ದು ನಮ್ಮ ಯಜಮಾನರು. ಅವರಿಗೇ ಅವರ ಡಾಕ್ಟರು ಬೆಣ್ಣೆ, ತುಪ್ಪ ಎರಡನ್ನೂ ನಿಲ್ಲಿಸಿದ್ದರು. ಗಂಜಿ ಉಂಡು ಮುಖ ಸಣ್ಣದಾಗಿತ್ತು. ಆದರೂ ಬೆಕ್ಕಿನ ಮೇಲಿನ ಪ್ರೀತಿಯಿಂದ ಆ ಇಲಾಖೆಯನ್ನು ತಾವೇ ವಹಿಸಿಕೊಂಡರು. ಅಡುಗೆಮನೆಯ ಬಾಗಿಲು ಮುಚ್ಚಿಯೇ ಕೊಡುತ್ತಿದ್ದರು.

"ಬಾಗಿಲು ಯಾಕ್ರೀ ಮುಚ್ಚೋದು?"

"ಯಾರಾದ್ರೂ ನೋಡಿದ್ರೆ ಅವಳಿಗೆ ನಾಚಿಕೆ ಮಾರಾಯ್ತಿ."

ಮೊಸರು ಕಡೆದು ಕಡೆದು ನನ್ನ ರಟ್ಟೆ ಬಿತ್ತು. ಆದರೆ ತೂಕ! ಮನೆಯಲ್ಲಿ ನಾವು ಹತ್ತಿ ನಿಂತು ತೂಕ ನೋಡುವ ತಕ್ಕಡಿಯ ಮೇಲೆ ಗಂಗವ್ವ ಒಬ್ಬಳೇ ನಿಲ್ಲುತ್ತಿರಲಿಲ್ಲ. ಹಾಗಾಗಿ ಇವರು ಅವಳನ್ನು ಎತ್ತಿಕೊಂಡು ಹತ್ತುವುದು, ಬಂದ ತೂಕದಲ್ಲಿ ಇವರದ್ದನ್ನು ಕಳೆಯುವುದು.

"ನಿಮ್ಮ ತೂಕ ಸರಿಯಾಗಿ ಗೊತ್ತೇನ್ರೀ?"

"ನನ್ನ ತೂಕ ನನಗೆ ಗೊತ್ತಿಲ್ವಾ? ಮದ್ದು ಶುರು ಮಾಡುವ ಮೊದಲೇ ನೋಡಿಟ್ಟಿದ್ದೇನೆ."

ವಾರದಿಂದ ವಾರಕ್ಕೆ ಗಂಗವ್ವ ಏರಿದ್ದೇ ಏರಿದ್ದು. ಮುಟ್ಟಿದರೆ ಇನ್ನೂ ಎಲುಬೇ ಸಿಗುತ್ತಿತ್ತು, ಆದರೆ ತಕ್ಕಡಿ ಸುಳ್ಳು ಹೇಳುತ್ತದೆಯೇ? ಗದಗಿನ ತಂಗಿಗೆ ಫೋನ್ ಮಾಡಿ, "ನಮ್ಮ ಗಂಗವ್ವ ಮೈ ತುಂಬ್ಕೊಂಡಾಳ ನೋಡವಾ!" ಎಂದು ಅತ್ತೇಬಿಟ್ಟೆ. ಅವಳೂ ಅತ್ತಳು. ಆಮೇಲೆ ಕೇಳಿದಳು, "ಗಂಗವ್ವ ಅಂದ್ರ ಯಾರಕ್ಕಾ?"

೫. ಕಾರ್ಕಳದ ಪ್ರಸಾದ

ಅಷ್ಟರಲ್ಲಿ ಕಾರ್ಕಳದ ನಾದಿನಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಂಜೆಯ ಮಾತ್ರೆ ತಪ್ಪಬಾರದೆಂದು ಗಂಗವ್ವನನ್ನೂ ಬುಟ್ಟಿಯಲ್ಲಿ ಕರೆದೊಯ್ದೆವು. ಆ ಮನೆಯಲ್ಲಿ ಬೆಣ್ಣೆ ಇರಲಿಲ್ಲ. ಪ್ರಸಾದದ ಸಪಾದಭಕ್ಷ್ಯ, ಆ ರವೆಯ ಸಿಹಿಯಾದರೂ ತುಪ್ಪದಲ್ಲೇ ಮಾಡಿದ್ದಲ್ಲವೇ ಎಂದು, ಪೂಜೆ ಮುಗಿದ ಮೇಲೆ ಅದರಲ್ಲೇ ಒಂದು ಉಂಡೆ ಕಟ್ಟಿ, ಮಾತ್ರೆ ಇಟ್ಟು, ಬಾಳೆಲೆಯ ಚೂರಿನಲ್ಲಿ ಬೇರೆಯೇ ಇಟ್ಟೆ. ಬುಟ್ಟಿ ತರಲು ಹೋದೆ. ಬೇರೆ ಇಟ್ಟದ್ದು ಭಟ್ಟರಿಗೇ ಇರಬೇಕೆಂದು ನಾದಿನಿ ಅದನ್ನು ಭಕ್ತಿಯಿಂದ ಅವರ ಕೈಗೆ ಕೊಟ್ಟಳು.

ನಾನು ಬರುವಾಗ ಭಟ್ಟರು ಅಗಿಯುವುದನ್ನು ನಿಲ್ಲಿಸಿ, ಬಾಯಿಂದ ಮಾತ್ರೆ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಇದೆಂತ ಅಮ್ಮಾ?"

 ಪೂಜೆಯ ಮನೆಯಲ್ಲಿ ಬೆಕ್ಕಿನ ಹೆಸರು ಹೇಳುವುದು ಹೇಗೆ? "ಥೈರಾಯ್ಡ್ ಮಾತ್ರೆ ಭಟ್ರೇ," ಎಂದಷ್ಟೇ ಹೇಳಿದೆ.

ಭಟ್ಟರು ದೇವರ ಮಂಟಪದ ಕಡೆ ನೋಡಿ ಕೈ ಮುಗಿದರು. "ನನಗೆ ಥೈರಾಯ್ಡ್ ಉಂಟೂಂತ ಮನೆಯಲ್ಲೂ ಹೇಳಿರಲಿಲ್ಲ. ದೇವರಿಗೆ ಗೊತ್ತಾಯ್ತು ನೋಡಿ!" ನುಂಗಿಯೇ ಬಿಡುತ್ತಿದ್ದರು. ನಾನು ಕೈ ಹಿಡಿದು ಕಸಿದುಕೊಳ್ಳಬೇಕಾಯಿತು.

೬. ದೊಡ್ಡ ತಕ್ಕಡಿ

ತಿಂಗಳು ತುಂಬಿತು. ಎದೆ ಉಬ್ಬಿಸಿಕೊಂಡು ಮಣಿಪಾಲಕ್ಕೆ ಹೊರಟೆ. ಇವರು ಮಾತ್ರ ಯಾಕೋ ಆ ದಿನ ಸೊಂಟ ನೋವು, ಬರುವುದಿಲ್ಲ ಎಂದರು. ನಾನು ಬಿಡಲಿಲ್ಲ, ಎಳೆದುಕೊಂಡೇ ಹೋದೆ.

ಡಾಕ್ಟರಮ್ಮ ಗಂಗವ್ವನನ್ನು ಮೇಜಿನ ಮೇಲಿನ ಸಣ್ಣ ತಕ್ಕಡಿಯಲ್ಲಿ ಕೂರಿಸಿದರು. 

"ಒಳ್ಳೇದು. ಸ್ವಲ್ಪ ಏರಿದೆ. ಮಾತ್ರೆ ಹಿಡಿದಿದೆ, ಇನ್ನು ಹೆದರುವುದು ಬೇಡ."

ಕಣ್ಣು ತುಂಬಿ ಬಂತು. ಮರುಕ್ಷಣವೇ ಸಂಶಯವೂ ಬಂತು. "ಸ್ವಲ್ಪವೇ? ಮನೆಯಲ್ಲಿ ಕರುವಿನಷ್ಟು ತೂಗುತ್ತಾಳಲ್ಲ!"

"ಹೇಗೆ ನೋಡಿದ್ರಿ?"

ಎತ್ತಿಕೊಳ್ಳುವುದು, ಹತ್ತುವುದು, ಕಳೆಯುವುದು, ಎಲ್ಲ ವಿವರಿಸಿದೆ. ಡಾಕ್ಟರಮ್ಮ ಬೆಕ್ಕನ್ನು ನೋಡಿದರು. ಆಮೇಲೆ ನಮ್ಮ ಯಜಮಾನರನ್ನು ನೋಡಿದರು. ಇವರು ಗೋಡೆಯ ಮೇಲಿನ ಹುಚ್ಚುನಾಯಿಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

"ಸಾರ್, ಒಮ್ಮೆ ಇದರ ಮೇಲೆ ನಿಲ್ಲಿ," ಎಂದು ದೊಡ್ಡ ನಾಯಿಗಳನ್ನು ತೂಗುವ, ನೆಲದ ಮೇಲಿನ ತಕ್ಕಡಿ ತೋರಿಸಿದರು. ಇವರು ಹತ್ತಿದರು. ಆ ತಕ್ಕಡಿಯ ಅಂಕಿ ಕಾಣುವುದು ಪರದೆಯ ಆಚೆ ಕೂತ ಕಾಂಪೌಂಡರನಿಗೆ. ಅವನ ಗಾಬರಿಯ ಕೂಗು ಕೇಳಿಸಿತು:

"ಡಾಕ್ಟ್ರೇ! ಎಂತ ನಾಯಿ ಮಾರಾಯ್ರೆ ಇದು! ಬೆಣ್ಣೆ ಗಿಣ್ಣೆ ಹಾಕ್ತಾರಾ ಕೇಳಿ. ಹೀಗೇ ಬಿಟ್ರೆ ಹಿಂದಿನ ಕಾಲು ಹೋಗ್ತದೆ!"

ಹೊರಗೆ ಕೂತವರೆಲ್ಲ ಆ ನಾಯಿಯನ್ನು ನೋಡಲು ಎದ್ದು ನಿಂತರು. ಗಂಗವ್ವ ಮೇಜಿನ ಮೇಲೆ ಕೂತು, ತಿಂಗಳ ಸಾಕ್ಷಿಯೆಲ್ಲ ತನ್ನ ಹತ್ತಿರ ಇರುವವಳ ಹಾಗೆ ಮೀಸೆ ನೆಕ್ಕಿಕೊಂಡಳು. ಕಾಂಪೌಂಡರ್ ಪರದೆ ಸರಿಸಿ ಓಡಿಬಂದ.

"ಎಲ್ಲಿ ನಾಯಿ?"

ಇವರು ಚಪ್ಪಲಿ ಹುಡುಕುತ್ತಾ, ತಲೆ ಎತ್ತದೆ ಹೇಳಿದರು: "ಈಗಷ್ಟೇ ಇಳಿಯಿತು."