ಎಷ್ಟನೇ ಮಣಿಗೆ ಜಗ್ಗಿತು?

ನನ್ನ ಭಾವಮೈದುನ ನಮ್ಮ ಮನೆಗೆ ಬಂದರೆ ಮೊದಲು ಕ್ಷೇಮ ವಿಚಾರಿಸುವುದು ಫ್ರಿಜ್ಜನ್ನು! ಅದರ ಬೆನ್ನಿಗೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಅರ್ಧ ನಿಮಿಷ ನಿಲ್ಲುತ್ತಾನೆ. ಆಮೇಲೆ ಮಿಕ್ಸರು, ಗೋಡೆ ಗಡಿಯಾರ, ನೀರು ಸೋಸುವ ಯಂತ್ರ. ಇವರೆಲ್ಲ ಕುಶಲವೆಂದು ಖಾತ್ರಿಯಾದ ಮೇಲೆ, ಸಮಯ ಉಳಿದಿದ್ದರೆ, ನನ್ನ ಕಡೆ ತಿರುಗಿ "ಭಾವಾರ, ಆರಾಮ ಇದ್ದೀರೇನ್ರಿ?" ಎನ್ನುತ್ತಾನೆ. ಉತ್ತರಕ್ಕೆ ಕಾಯುವುದಿಲ್ಲ. ಯಂತ್ರವಾಗಿ ಹುಟ್ಟದೇ ಹೋದದ್ದು ನನ್ನ ಪೂರ್ವಜನ್ಮದ ಕರ್ಮ. ಅದಕ್ಕೆ ಅವನೇನು ಮಾಡಿಯಾನು?

ಇವನು ನನ್ನ ಹೆಂಡತಿಯ ಖಾಸಾ ತಮ್ಮ. ರಾಯಚೂರಿನಿಂದ ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೀಟರುಗಳನ್ನೂ ಸೆನ್ಸರುಗಳನ್ನೂ ನೋಡಿಕೊಂಡು ನಿವೃತ್ತನಾದವನು. ನಾನು ಅದೇ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟೆ. ನನ್ನ ವಿದ್ಯಾರ್ಥಿಗಳಿಗಿಂತ ಅವನ ಮೀಟರುಗಳು ಹೆಚ್ಚು ಸತ್ಯ ನುಡಿಯುತ್ತಿದ್ದವು ಎಂಬುದು ಅವನ ವಾದ. ನಾನು ಪ್ರತಿವಾದ ಮಾಡಿಲ್ಲ.

ಅವನ ಬಳಿ ಒಂದು ಉದ್ದನೆಯ ನೋಟುಬುಕ್ಕಿದೆ. ಬಂಧುಬಳಗದಲ್ಲಿ ಯಾವ ಯಂತ್ರ ಕೆಟ್ಟರೂ ಅದರಲ್ಲಿ ದಾಖಲಾಗಬೇಕು. ಪುಟಕ್ಕೆ ನಾಲ್ಕು ಕಾಲಮ್ಮು: ರೋಗಿ, ಲಕ್ಷಣ, ಕಾರಣ, ಕಾರಣಕರ್ತರು. ಮೊದಲಿನ ಮೂರರಿಂದ ಯಾರಿಗೂ ತೊಂದರೆಯಿಲ್ಲ. ಪ್ರಾಣ ತೆಗೆಯುವುದು ಆ ನಾಲ್ಕನೆಯದು! ರಿಪೇರಿ ಮುಗಿದ ಮೇಲೆ ಮನೆಯವರನ್ನೆಲ್ಲ ಕೂಡಿಸಿ, ಎದ್ದು ನಿಂತು, ಪಂಚಾಂಗ ಶ್ರವಣದ ಗಾಂಭೀರ್ಯದಲ್ಲಿ ಓದುತ್ತಾನೆ. "ರೋಗಿ: ಮಿಕ್ಸರು. ಲಕ್ಷಣ: ಸುಟ್ಟ ವಾಸನಿ. ಕಾರಣ: ಅರಿಷಿಣದ ಕೊಂಬು ಇಡೀದು ಹಾಕಿದ್ದು. ಕಾರಣಕರ್ತರು: ಸ್ವಂತ ಅಕ್ಕ."

"ಸ್ವಂತ ಅಂತ ಯಾಕ ಬರದೀಯೋ?" ಎಂದು ನನ್ನ ಹೆಂಡತಿ ಗದರಿದರೆ, "ಪಕ್ಷಪಾತ ಮಾಡ್ಯಾನ ಅಂತ ನಾಳೆ ಯಾರೂ ಅನ್ನಬಾರದಲ್ಲ," ಎಂದ.

ನಮ್ಮ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಸಿಕ್ಕಿಕೊಂಡ ಪುರೋಹಿತರನ್ನು ಇವನೇ ಬಿಡಿಸಿದ, ಪುಣ್ಯದ ಕೆಲಸ. ಆದರೆ ಊಟದ ಪಂಕ್ತಿಯಲ್ಲಿ ಎದ್ದು ನಿಂತು, "ಕಾರಣಕರ್ತರು: ಮನಿ ಯಜಮಾನ್ರು. ಲಿಫ್ಟಿನ ಒಳಗ ಬಾಗಿಲಿಗೆ ಆನಿಸಿ ಅಕ್ಕಿ ಚೀಲ ಇಟ್ಟಿದ್ರು," ಎಂದು ಓದುವ ಅಗತ್ಯವಿತ್ತೆ? ಆ ನೆಂಟರು ಇಂದಿಗೂ ನಮಗೆ ಬರೀ ಕುಂಕುಮದ ಪೊಟ್ಟಣ ಕಳಿಸುತ್ತಾರೆ, ಕರೆಯುವುದಿಲ್ಲ.

ಹಾಗೆಂದು ಅವನು ಅನ್ಯಾಯಗಾರನಲ್ಲ. ಅದೇ ಪುಸ್ತಕದಲ್ಲಿ ಒಂದು ಇಸ್ತ್ರಿಪೆಟ್ಟಿಗೆಯ ಮುಂದೆ "ಕಾರಣಕರ್ತರು: ನಾನು. ತೂಕಡಿಕೆ." ಎಂದು ಕೆಂಪು ಶಾಯಿಯಲ್ಲಿದೆ. ಅದನ್ನೂ ಎದ್ದು ನಿಂತೇ ಓದಿದನಂತೆ. ಮನೆಯಲ್ಲಿ ಅವನೊಬ್ಬನೇ ಇದ್ದನಂತೆ! ದೇವರಿಗೆ ಕೈಮುಗಿಯದ, ತೀರ್ಥಕ್ಕೆ ಅಂಗೈ ಒಡ್ಡದ ಈ ಮನುಷ್ಯ ಆ ನಾಲ್ಕನೆಯ ಕಾಲಮ್ಮಿನಲ್ಲಿ ಮಾತ್ರ ಎಂದೂ ಅಸತ್ಯ ಬರೆದವನಲ್ಲ. ನಾನು ದಿನಕ್ಕೆ ಮೂರು ಹೊತ್ತು ಆಚಮನ ಮಾಡುವವನು. ಆದರೂ ನನ್ನ ಸತ್ಯಕ್ಕೆ ಅಷ್ಟು ಬಿಗಿಯಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಈಗ ಕಾರಿನ ವಿಷಯ.

ನಮ್ಮ ಮಗಳು ಜಾನಕಿಗೆ ಎಳೆಯ ವಯಸ್ಸಿನಿಂದಲೂ ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ಚು ತುಳಿಯಲಾರಳು. ಆದ್ದರಿಂದ, ತಾನೇ ಗೇರು ಬದಲಿಸಿಕೊಳ್ಳುವ ಕಾರನ್ನು ತನ್ನ ದುಡಿಮೆಯಿಂದ ಕೊಂಡಳು. ಅದು ಬರುವ ಮುನ್ನ ಅವಳು ಮಾದಾಪುರದ ಆಫೀಸಿಗೆ ಹೋಗಬೇಕೆಂದರೆ ಯಾರಾದರೂ ಬರಬೇಕಿತ್ತು, ಯಾರಾದರೂ ಒಪ್ಪಬೇಕಿತ್ತು, ಯಾರಾದರೂ ಕೈಹಿಡಿದು ಹತ್ತಿಸಬೇಕಿತ್ತು. ಕಾರು ಬಂದ ದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಒಬ್ಬಳೇ ಏಳು ಸುತ್ತು ಹಾಕಿದಳು. ನಾನು ಬಾಲ್ಕನಿಯಿಂದ ಪ್ರದಕ್ಷಿಣೆಗಳನ್ನು ಎಣಿಸಿದೆ. ಅಂದಿನಿಂದ ಪ್ರತಿ ಗುರುವಾರ ನನ್ನನ್ನು ಮಠಕ್ಕೆ ಕರೆದೊಯ್ಯುವವಳೂ ಅವಳೇ.

ಅಂಥ ವಾಹನಕ್ಕೆ ಮಹಾನವಮಿಯ ಆಯುಧಪೂಜೆಯಲ್ಲಿ, ನಮ್ಮ ಕಡೆಯ ಖಂಡೇಪೂಜೆಯಲ್ಲಿ, ನಾನು ಕೈ ಬಿಗಿಹಿಡಿಯುವುದುಂಟೆ? ಹೊರಗೆ ಅರಿಶಿನ, ಕುಂಕುಮ, ಚೆಂಡುಹೂವು. ಇಷ್ಟೇ ಸಾಲದೆಂದು ಮುಂದಿನ ಮುಚ್ಚಳ ತೆಗೆಸಿ, ಅಂತರಂಗಕ್ಕೂ ಪೂಜೆ ಸಲ್ಲಲಿ ಎಂದು ದೇವರ ಪಂಚಾಮೃತದಿಂದ ಮೂರು ಉದ್ಧರಣೆ, ಮೇಲೊಂದು ತುಳಸೀದಳ ಸಮರ್ಪಿಸಿದೆ. ಭಾವಮೈದುನ ಅಂದು ಊರಲ್ಲಿರಲಿಲ್ಲ. ಪೂಜೆ ನಿರ್ವಿಘ್ನವಾಗಿ ನೆರವೇರಿತು.

ಸಂಕ್ರಾಂತಿಯ ಹೊತ್ತಿಗೆ ಕಾರು ಜಗ್ಗತೊಡಗಿತು. ಚೆನ್ನಾಗಿ ಓಡುತ್ತಿದ್ದದ್ದು ಹಠಾತ್ತನೆ ಹಿಂದಿನಿಂದ ಯಾರೋ ಹಿಡಿದೆಳೆದಂತೆ ಧಡಕ್ಕೆನ್ನುವುದು. ವೇಗದ ಮುಳ್ಳು ಸೊನ್ನೆಗೆ ಬೀಳುವುದು. ಆಮೇಲೆ ಒಂದೇ ಗೇರಿನಲ್ಲಿ ನರಳುತ್ತ ತೆವಳುವುದು. ಗ್ಯಾರೇಜಿನವನು ಒಂದು ಸುತ್ತು ಓಡಿಸಿ ಬಂದು, "ಗೇರ್‌ಬಾಕ್ಸ್ ಖತಂ ಸಾಬ್. ಪೂರಾ ಬದಲ್ನಾ ಪಡ್ತಾ. ನಕ್ಕೋ ಬೋಲೇ ತೋ ಬೇಚ್ ಡಾಲೋ," ಎಂದ. ಇಡೀ ಗೇರ್‌ಬಾಕ್ಸು ಬದಲಿಸಿ, ಇಲ್ಲವೆ ಮಾರಿಬಿಡಿ!

ಸಂಜೆ ಊಟಕ್ಕೆ ಕೂತಾಗ ಜಾನಕಿ, "ಮಾರೇ ಬಿಡೋಣಪ್ಪಾ. ಮದ್ಲ ಹೆಂಗಿದ್ದೆ, ಹಂಗ ಇರ್ತೀನಿ," ಎಂದಳು. ಮೊದಲು ಹೇಗಿದ್ದಳೆಂಬುದು ನಮಗೆ ಗೊತ್ತಿತ್ತು. ನನ್ನ ಹೆಂಡತಿ ಮಜ್ಜಿಗೆ ಬಡಿಸುವ ನೆಪದಲ್ಲಿ ಒಳಗೆ ಹೋದವಳು ಬೇಗ ಬರಲಿಲ್ಲ. ಒಳಗಿನಿಂದ ತಮ್ಮನಿಗೆ ಫೋನು ಮಾಡುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಭಾವಮೈದುನ ಚೀಲ ಹೆಗಲಿಗೇರಿಸಿ ಹಾಜರು. ಅಂದು ಫ್ರಿಜ್ಜಿನ ಕಡೆ ನೋಡಲೂ ಇಲ್ಲ! ಹಾಗೆಂದು ಕಾರಿನ ಮುಚ್ಚಳವನ್ನೂ ತೆಗೆಯಲಿಲ್ಲ. ಒಳ್ಳೆಯ ವೈದ್ಯನಂತೆ ಮೊದಲು ವಿಚಾರಣೆ.

"ಜಾನೂ, ಜಗ್ಗೂದಕ್ಕ ಮುಂಚೆ ಎಷ್ಟು ಹೊತ್ತು ಓಡ್ತದ?"

"ಸ್ವಲ್ಪ ಹೊತ್ತು ಮಾಮಾ."

"ಸ್ವಲ್ಪ ಅಂದ್ರ ಅದೇನು ಅಳತಿನೇನವ್ವಾ? ಉಪ್ಪು ಹಾಕ್ಲಿಕ್ಕತ್ತೀಯೇನು?" ಎಂದು ನನ್ನತ್ತ ತಿರುಗಿದ. "ಭಾವಾರ, ನೀವು ಗಾಡ್ಯಾಗ ಕೂತು ಏನ್ಮಾಡ್ತೀರಿ?"

"ಅಷ್ಟಾಕ್ಷರಿ ಜಪ."

"ಮಾಲಿ ಹಿಡಕೊಂಡು?"

"ಹೌದು."

ಅವನ ಕಣ್ಣುಗಳು ಹೊಳೆದವು. "ಎಷ್ಟನೇ ಮಣಿಗೆ ಜಗ್ಗಿತು?"

ಜಪದ ಫಲಗಳು ಅನೇಕವೆಂದು ಗುರುಹಿರಿಯರಿಂದ ಕೇಳಿದ್ದೆ. ಆದರೆ ಈ ಫಲವನ್ನು ಯಾರೂ ಹೇಳಿರಲಿಲ್ಲ! ಅಂದು ಭಾನುವಾರ; ಮೂರು ಸಲ ಕಾರು ಹೊರಟಿತು. ನಡುನಡುವೆ ಅದು ಪೂರ್ತಿ ತಣ್ಣಗಾಗುವವರೆಗೆ ಕಾದೆವು. ಜಾನಕಿ ಓಡಿಸುವಳು, ಪಕ್ಕದಲ್ಲಿ ಭಾವಮೈದುನ ನೋಟುಬುಕ್ಕು ಹಿಡಿದು, ಹಿಂದೆ ನಾನು, ಮಡಿಯುಟ್ಟು, ಮಾಲೆಯೊಂದಿಗೆ. ಮೊದಲ ಸಲ ಮೂರನೆಯ ಸುತ್ತಿನ ನಲವತ್ತನೇ ಮಣಿಗೆ ಜಗ್ಗಿತು. ಎರಡನೆಯ ಸಲ ನಲವತ್ತೆರಡಕ್ಕೆ. ಮೂರನೆಯ ಸಲ ಮೂವತ್ತೊಂಬತ್ತಕ್ಕೆ.

"ಗೇರ್‌ಬಾಕ್ಸಿಗೆ ಏನೂ ಆಗಿಲ್ಲ!" ಎಂದು ಅವನು ಸೀಟಿನಲ್ಲೇ ಕುಣಿದ. "ಅದು ಸವದಿದ್ರ ಮದ್ಲನೇ ಮಣಿಗೇ ಜಗ್ಗಬೇಕಿತ್ತು. ಇದು ಬಿಸಿ ಆದ ಮ್ಯಾಲ ಜಗ್ತದ. ಎಲ್ಲೋ ಒಂದು ಸಂದು ಬಿಸಿಗೆ ಬಿಡ್ಲಿಕ್ಕತ್ತದ. ಭಾವಾರ, ನಿಮ್ಮ ಜಪಾ ಭಾಳ ಪಕ್ಕಾ ಅದರೀ!"

ನಲವತ್ತು ವರ್ಷಗಳ ಬಾಂಧವ್ಯದಲ್ಲಿ ಅವನು ನನ್ನ ಭಕ್ತಿಯನ್ನು ಹೊಗಳಿದ್ದು ಅದೊಂದೇ ಸಲ.

ಆಮೇಲೆ ಸ್ಟೀರಿಂಗಿನ ಕೆಳಗೆ ಒಂದು ಪುಟ್ಟ ಸ್ಕ್ಯಾನರ್ ಸಿಕ್ಕಿಸಿ ನಾಲ್ಕನೆಯ ಸಲ ಹೊರಡಿಸಿದ. ಪರದೆಯ ಮೇಲೆ ಎರಡು ಅಂಕಿ: ಒಂದು ಗೇರ್‌ಬಾಕ್ಸಿನ ಒಳಗೆ ಬರುವ ವೇಗ, ಇನ್ನೊಂದು ಹೊರಗೆ ಹೋಗುವ ವೇಗ. ಮೂರನೆಯ ಸುತ್ತು, ನಲವತ್ತೊಂದನೇ ಮಣಿ, ಧಡಕ್! ಮೊದಲ ಅಂಕಿ ಹಾಗೇ ಇತ್ತು, ಎರಡನೆಯದು ಸೊನ್ನೆ. ಕಾರು ಮಾತ್ರ ಓಡುತ್ತಲೇ ಇತ್ತು.

"ನೋಡವ್ವಾ," ಎಂದು ಸೋದರಸೊಸೆಗೆ ಮೃದುವಾಗಿ ಹೇಳಿದ. "ಒಳಗೊಂದು ಹಲ್ಲಿನ ಚಕ್ರ ತಿರುಗ್ತದ. ನಿಮ್ಮಪ್ಪ ಮಣಿ ಎಣಿಸಿದಂಗ ಒಂದು ಸೆನ್ಸರು ಆ ಹಲ್ಲು ಎಣಿಸ್ತದ. ಅದು ಎಣಿಸೂದು ಬಿಟ್ರ ಗಾಡಿ ನಿಂತದ ಅಂತ ಗೇರ್‌ಬಾಕ್ಸ್ ತಿಳಕೋತದ. ಗಾಡಿ ನಡೀಲಿಕ್ಕತ್ತದ, ಎಣಿಸಾಂವಂದು ತಪ್ಪು. ನೀ ಸಣ್ಣಾಕಿ ಇದ್ದಾಗ ಈ ಕೂಸು ನಡಿಯೂದಿಲ್ಲ ಅಂತ ಎಷ್ಟು ಮಂದಿ ಅಂದ್ರು! ಅವರ ಎಣಿಕೀನೂ ಹಿಂಗ ಇತ್ತು."

ಜಾನಕಿ ರಸ್ತೆಯನ್ನೇ ನೋಡುತ್ತ ನಕ್ಕಳು. ನಾನು ಮಣಿಯೊಂದನ್ನು ತಪ್ಪಿಸಿದೆ.

ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದೆವು. ಕಾಫಿಗೆಂದು ಜಾನಕಿ ಮೇಲೆ ಹೋದಳು. ಟಾರ್ಚು ಹಿಡಿಯುವ ಭಾಗ್ಯ ನನ್ನದಾಯಿತು. ಅವನು ಬ್ಯಾಟರಿ ತೆಗೆದಿಟ್ಟು, ಅದರ ಕೆಳಗೆ ಗೇರ್‌ಬಾಕ್ಸಿನ ನೆತ್ತಿಯ ಮೇಲಿದ್ದ ಪುಟ್ಟ ಸೆನ್ಸರಿಗೆ ಕೈಹಾಕಿದ. ತಂತಿಯ ಕೊಂಡಿ ಬಿಡಿಸುತ್ತಲೇ ಹಸಿರುಗಟ್ಟಿದ ಪಿನ್ನೊಂದು ಮುರಿದು ಅಂಗೈಗೆ ಬಂತು. ಸುತ್ತ ಕಂದು ಬಣ್ಣದ ಅಂಟು. ಅಂಟಿನೊಳಗೆ ಸತ್ತ ಇರುವೆಗಳ ಒಂದು ಅಕ್ಷೌಹಿಣಿ. ಆ ಎಲ್ಲದರ ಮೇಲೆ, ಒಣಗಿ ಕಪ್ಪಾದರೂ ಗುರುತು ಕೆಡದ ಒಂದು ತುಳಸೀದಳ.

ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದೆ.

ಮೊಸರು, ಜೇನು, ಸಕ್ಕರೆ! ಮಗಳ ಕಾಲಿಗೆ ನಾನೇ ಸಂಕಲೆ ತೊಡಿಸಿದ್ದೆ, ಅದೂ ಮಂತ್ರಸಹಿತವಾಗಿ! ಭಾವಮೈದುನ ಆ ದಳವನ್ನು ನೋಡಿದ, ನನ್ನನ್ನು ನೋಡಿದ. ಚಿಮಟಿಗೆಯಿಂದ ದಳವನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಸಾಕ್ಷ್ಯ!

ಮರುದಿನ ಹೊಸ ಸೆನ್ಸರು ತಂದು ಕೂಡಿಸಿದ. ಕಾರು ಐದು ಸುತ್ತು ಜಪ ಮುಗಿದರೂ ಜಗ್ಗಲಿಲ್ಲ. ಇನ್ನು ಉಳಿದದ್ದು ಓದುವಿಕೆ. ಹೆಂಡತಿ, ಮಗಳು ಸೋಫಾದ ಮೇಲೆ ಕೂತರು. ನಾನು ನಿಂತೇ ಇದ್ದೆ, ಅಪರಾಧಿಗೆ ಆಸನವೆಲ್ಲಿಯದು? ಮಗಳೆದುರು ಹೇಗೆ "ಹೌದು" ಎನ್ನಲಿ ಎಂದು ಯೋಚಿಸುತ್ತಿದ್ದೆ.

ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ರೋಗಿ: ಜಾನೂನ ಗಾಡಿ. ಲಕ್ಷಣ: ಬಿಸಿಯಾದ ಮ್ಯಾಲ ಜಗ್ಗೂದು. ಕಾರಣ: ಸ್ಪೀಡ್ ಸೆನ್ಸರಿಗೆ ತ್ಯಾವ ತಗಲಿ ಪಿನ್ನು ತಿಂದದ್ದು. ಕಾರಣಕರ್ತರು..." ಎಂದು ಒಂದು ಕ್ಷಣ ನಿಂತ. "ಮಳಿ."

"ಗಾಡಿ ಬೇಸ್‌ಮೆಂಟಿನ್ಯಾಗ ನಿಂದರ್ತದಲ್ಲೋ!" ಎಂದಳು ನನ್ನ ಹೆಂಡತಿ. "ಮಳಿ ಎಲ್ಲಿಂದ ಬಂತು?"

"ಬಂತಕ್ಕಾ," ಎಂದು ಅವನು ಪುಸ್ತಕ ಮುಚ್ಚಿದ. "ಕಾಫಿ ಕೊಡ್ತೀಯೋ ಇಲ್ಲೋ?"

ಅವನು ಹೊರಟಾಗ ಲಿಫ್ಟಿನ ತನಕ ಹಿಂಬಾಲಿಸಿ, "ಅದು ನಾನೇ ನೋಡಪ್ಪಾ," ಎಂದೆ. ಅವನು ಲಿಫ್ಟಿನ ಬಾಗಿಲಿಗೆ ಕಿವಿಗೊಟ್ಟು, "ಇದರ ಬೇರಿಂಗ್ ಹೋಗ್ಯಾವ್ರಿ," ಎಂದ.

ಈ ವರ್ಷದ ಮಹಾನವಮಿ ಬಂತು. ಅರಿಶಿನ, ಕುಂಕುಮಗಳನ್ನು ಮಾತ್ರ ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದೆ. ಪಂಚಾಮೃತ ತರುವ ಧೈರ್ಯ ನನಗಿರಲಿಲ್ಲ. ನೋಡಿದರೆ ಭಾವಮೈದುನ ಆಗಲೇ ಕಾರಿನ ಬಳಿ ನಿಂತಿದ್ದಾನೆ! ಹಬ್ಬಕ್ಕೆ ಬಂದವನಲ್ಲ ಎಂದೂ. ಮುಚ್ಚಳ ತೆರೆದಿತ್ತು. ಬ್ಯಾಟರಿಯಿಂದ ಕೆಳಗಿನವರೆಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚುಗಳಿಗೆಲ್ಲ ಟೇಪು ಸುತ್ತಿದ್ದ.

"ಮಾಮಾ, ಇದೇನು?" ಎಂದಳು ಜಾನಕಿ.

"ಮಳಿಗಂತ," ಎಂದು ಅವನು ನನ್ನ ತಟ್ಟೆಯನ್ನು ನೋಡಿದ. "ಭಾವಾರ, ಪಂಚಾಮೃತ ಎಲ್ಲಿ? ಹೋಗಿ ತಗೊಂಡ ಬರ್ರಿ. ಕೂಸು ದಿನಾ ಒಬ್ಬಾಕೀನೇ ಅಷ್ಟು ದೂರ ಹೋಗ್ತದ."

ಹೋಗಿ ತಂದೆ. ಮೂರು ಉದ್ಧರಣೆ ಬಿಟ್ಟೆ. ಟೇಪನ್ನು ಪೂರ್ತಿ ನಂಬದವನಂತೆ ಅವನು ಸೆನ್ಸರು ಇರುವ ಜಾಗದ ಮೇಲೆ ತನ್ನ ಅಂಗೈಯನ್ನು ಕೊಡೆಯಂತೆ ಹಿಡಿದು ನಿಂತಿದ್ದ. ಪಂಚಾಮೃತವೆಲ್ಲ ಅವನ ಕೈಯ ಮೇಲೆಯೇ ಬಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.