ತಿಜೋರಿಯೊಳಗಿನ ಕ್ರಿಕೆಟ್ ಮಂದಿ

ಸೋಮವಾರ ಮಗ ಮುನ್ನಾನ ಶಾಲೆಗೆ ಫೀಸು ಕಟ್ಟಬೇಕು. ಆ ಫೀಸೋ, ಚೂಯಿಂಗ್ ಗಮ್ಮಿನ ಪೊಟ್ಟಣದೊಳಗೆ ಸಿಗುವ ಕ್ರಿಕೆಟ್ ಆಟಗಾರರ ಚಿತ್ರಗಳಾಗಿ ಗಂಡನ ತಿಜೋರಿ ಸೇರಿದೆ. ಮೂರು ದಿನದಿಂದ ಕೌಶಲ್ಯಾಳಿಗೆ ತುತ್ತು ಇಳಿದಿಲ್ಲ. ತಾಂಡೂರಿನ ತೊಗರಿ ಅಂಗಡಿಯ ಗಾದಿಗೆ ಒರಗಿದ್ದ ಗಂಡ ವೈಜಿನಾಥ ಮಾತ್ರ ಆರಾಮಾಗಿದ್ದ.

ಕೌಶಲ್ಯಾ: ಮಾರ್ರಿ ಅಂದ್ರ ಮಾರ್ರಿ. ಹೈದ್ರಾಬಾದಿನ ಮನ್ಮಥಪ್ಪ ಸೇಠರು ಪೂರಾ ಸೆಟ್ ತಗೋತೀನಿ ಅಂದಾರಲ್ಲ.

ವೈಜಿನಾಥ: ರಾಶಿ ಆದ ದಿನಾನೇ ತೊಗರಿ ಯಾರರೆ ಮಾರ್ತಾರೇನ? ಆರು ತಿಂಗಳು ತಡಿ. ರೇಟು ಏರ್ತದ.

ಕೌಶಲ್ಯಾ: ತೊಗರಿ ಉಳಿದ್ರ ಕುದಿಸಿ ತಿನ್ನಬಹುದು. ಇವ್ರನ್ನ ಏನು ಮಾಡೋದ್ರಿ?

ವೈಜಿನಾಥ: ಬಂಗಾರ ಕುದಿಸಿ ತಿಂತೀಯೇನ? ಇದೂ ಹಂಗೇ.

ಕೌಶಲ್ಯಾ: ಬಂಗಾರ ಕೊಳ್ಳಾಗರೆ ಹಾಕ್ಕೋಬಹುದು. ಇವ್ರನ್ನ ಪೋಣಿಸ್ಕೊಂಡು ಮದುವಿಗೆ ಹೋಗ್ಲೇನು?

ವೈಜಿನಾಥ: ಸಿಟಿದಾಗ ಓದಿದಾಕಿಗೆ ಧಂದಾ ಎಲ್ಲಿ ತಿಳೀತದ. ನೋಡು, ಒಂದು ಕಲೆ ಇಲ್ಲದ ಮಾಲು.

ತಿಜೋರಿಯಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದ. ಪ್ರತಿ ಆಟಗಾರನ ಹಣೆಗೂ ಮೂರು ಬೆರಳಿನ ವಿಭೂತಿ.

ವೈಜಿನಾಥ: ಅವ್ವಾ, ಏನಿದು?

ಸುಗಲಾಬಾಯಿ (ಒಳಗಿನಿಂದ): ನಿನ್ನಿ ಅಮಾಸಿ ಇತ್ತಲ್ಲೋ. ತಿಜೋರಿ ಪೂಜಾ ಮಾಡ್ದಂಗ ಬಿಡಲೇನು? ಇದೇ ನಮ್ಮ ಲಕ್ಷ್ಮಿ ಅಂತ ನೀನೇ ಅಂದಿ.

ವೈಜಿನಾಥ: ಇಂಗ್ಲೆಂಡಿನವರಿಗೂ ಇಬತ್ತಿ ಹಚ್ಚೀಯಲ್ಲವ್ವಾ.

ಸುಗಲಾಬಾಯಿ: ತಿಜೋರ್ಯಾಗ ಬಂದಮ್ಯಾಲ ನಮ್ಮ ಮಂದೀನೇ. ಒಬ್ಬರಿಗೆ ಹಚ್ಚಿ ಒಬ್ಬರಿಗೆ ಬಿಡಾಕ ಬರ್ತದೇನು?

ವೈಜಿನಾಥ ಧೋತರದ ಚುಂಗು ಒದ್ದೆ ಮಾಡಿ ಒಬ್ಬನನ್ನು ಒರೆಸಿದ. ವಿಭೂತಿಯ ಜೊತೆ ಮೂಗೂ ಬಂತು.

ವೈಜಿನಾಥ: ನೀನೇ ಸೇಠರಿಗೆ ಫೋನ್ ಮಾಡು. ಈಗೇ ಮಾರಿಬಿಡಮು. ಇಬತ್ತಿ ಮಾತು ಮಾತ್ರ ತೆಗೀಬ್ಯಾಡ.

ಕೌಶಲ್ಯಾ: ಸುಳ್ಳು ಹೇಳಿದ ರೊಕ್ಕದಾಗ ಹುಡುಗನ ಸಾಲಿ ಶುರು ಮಾಡ್ಲೇನು? ನನಗ ಆಗಂಗಿಲ್ಲ.

ಆದರೂ ಫೋನ್ ಎತ್ತಿ ಎಕ್ಸ್‌ಚೇಂಜಿಗೆ ನಂಬರು ಹೇಳಿದಳು. ಅರ್ಧ ತಾಸಿಗೆ ಲೈನು ಸಿಕ್ಕಿತು.

ಕೌಶಲ್ಯಾ: ಸೇಠರ, ತಾಂಡೂರಿನಿಂದ ರೀ. ಮೊದ್ಲೇ ಖರೆ ಹೇಳಿಬಿಡ್ತೀನಿ, ಆ ಚಿತ್ರದ ಮ್ಯಾಲ... ಹಾಂ? ಹೌದ್ರಿ... ಎಷ್ಟವ ರೀ?

ಅವಳು ಫೋನಿನ ಬಾಯಿಗೆ ಅಂಗೈ ಮುಚ್ಚಿದಳು.

ವೈಜಿನಾಥ: ಏನಂತಾರ? ರೇಟು ಇಳಿಸ್ಯಾರೇನು?

ಕೌಶಲ್ಯಾ: ತಮ್ಮ ಹತ್ರ ಇದ್ದವೆಲ್ಲಾ ಮಾರ್ತಾರಂತ. ನಮಗ ಬೇಕೇನಂತ ಕೇಳಾಕತ್ಯಾರ.

ವೈಜಿನಾಥ: ಅಷ್ಟು ದೊಡ್ಡ ಸೇಠಗ ಏನು ತ್ರಾಸು ಬಂತು, ಕೇಳು.

ಕೌಶಲ್ಯಾ: ಕೇಳೋದೇನದ. ಅವ್ರ ಹಿಂದ ಒಬ್ಬಾಕಿ ನಿಂತು 'ಫೀಸು, ಫೀಸು' ಅಂತ ಒದರಾಕತ್ಯಾಳ.