ಕೆಂಪು ಗುಂಡಿಯ ಮೇಲಿನ ದಾಸವಾಳ

ಬಿಡಿಬಿಡಿಯಾಗಿ ಮನೆಗೆ ಬರುವ ಯಾವ ವಸ್ತುವನ್ನೂ ನಾನು ನಂಬುವವನಲ್ಲ. ಇಡಿಯಾಗಿ ಬರುವ ವಸ್ತುಗಳನ್ನೂ ನಂಬುವುದಿಲ್ಲ, ಆದರೆ ಆ ಅನುಮಾನ ಸ್ವಲ್ಪ ಮೃದು. ಇಡಿಯಾಗಿ ಬಂದ ಮಿಕ್ಸರ್ ಕೆಟ್ಟರೆ ತಯಾರಿಸಿದವನನ್ನು ಬೈಯಬಹುದು. ನಾವೇ ಜೋಡಿಸಿದ ಯಂತ್ರ ಕೆಟ್ಟರೆ ಬೈಗುಳ ಮನೆಯೊಳಗೇ ಸುತ್ತಿ ಸುತ್ತಿ, ಕೊನೆಗೆ ಯಾರು ಬಡಪಾಯಿಯೋ ಅವನ ತಲೆಯ ಮೇಲೆ ಕೂರುತ್ತದೆ. ನಮ್ಮ ಮನೆಯಲ್ಲಿ ಆ ಸ್ಥಾನಕ್ಕೆ ಚುನಾವಣೆ ನಡೆಯುವುದಿಲ್ಲ. ನಾನು ಅವಿರೋಧ ಆಯ್ಕೆ. ಸಾಗರದ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವ ನನಗೆ ಅನುಮಾನ ಅನ್ನುವುದು ಅರ್ಧ ಹುಟ್ಟುಗುಣ, ಅರ್ಧ ಪಠ್ಯಕ್ರಮ. ಅಧಿಕಾರ ಇದ್ದ ಕಡೆ ಅದಕ್ಕೊಂದು ಲಗಾಮೂ ಇರಬೇಕು ಎಂದು ವರ್ಷಗಟ್ಟಲೆ ಹೇಳಿ ಹೇಳಿ, ಈಗ ಬೀಗ ಹಾಕಿದ ಬಾಗಿಲನ್ನೂ ಒಮ್ಮೆ ಎಳೆದು ನೋಡುತ್ತೇನೆ. ಎಳೆದಿದ್ದರಿಂದಲೇ ಸಡಿಲವಾಯಿತೇನೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಎಳೆಯುತ್ತೇನೆ.

ಇಂಥವನ ಮನೆಗೆ ಒಂದು ದಿನ ಭಾರದ ರಟ್ಟಿನ ಪೆಟ್ಟಿಗೆ ಬಂತು. ತರಿಸಿದವಳು ನನ್ನ ಹೆಂಡತಿ ವಿಜಯಾ, ಹೈಸ್ಕೂಲಿನ ಗಣಿತದ ಟೀಚರ್. ಒಳಗಿದ್ದದ್ದು ಸಿಎನ್‌ಸಿ ಯಂತ್ರವಂತೆ. ಯಂತ್ರ ಅನ್ನುವುದಕ್ಕಿಂತ, ಮುಂದೆ ಯಂತ್ರವಾಗುವ ಆಸೆಯಿದ್ದ ಕಬ್ಬಿಣ, ಅಲ್ಯೂಮಿನಿಯಂ ಪಟ್ಟಿ, ಪುಟ್ಟ ಮೋಟಾರುಗಳು, ಬಣ್ಣಬಣ್ಣದ ವೈರು ಮತ್ತು ಲೆಕ್ಕವಿಲ್ಲದಷ್ಟು ಸ್ಕ್ರೂಗಳು ಎನ್ನಬೇಕು. ಎಲ್ಲವನ್ನೂ ಸರಿಯಾಗಿ ಜೋಡಿಸಿದರೆ ಒಂದು ಮೇಜಿನಷ್ಟಾಗುತ್ತದೆ. ಮೇಲೆ ಅಡ್ಡಕ್ಕೆ ಒಂದು ತೊಲೆ, ತೊಲೆಗೆ ನೇತುಬಿದ್ದಂತೆ ಒಂದು ಮೋಟಾರು, ಮೋಟಾರಿನ ತುದಿಗೆ ಪೆನ್ಸಿಲಿನಂಥ ಉಕ್ಕಿನ ಮೊನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಅದು ಗಿರಗಿರ ತಿರುಗುತ್ತಾ ಹಿಂದೆ ಮುಂದೆ ಓಡಾಡಿ ಮರದ ಮೇಲೆ ಅದೇ ಚಿತ್ರವನ್ನು ಕೆತ್ತುತ್ತದೆ.

"ನಮ್ಮೂರಲ್ಲಿ ಗಂಧದ ಮರದಲ್ಲಿ ಆನೆ, ನವಿಲು, ದೇವರು ಎಲ್ಲಾ ಕೆತ್ತೋರು ಇದಾರಲ್ಲ, ನಿಂಗೆ ಯಾಕೆ ಇದು?" ಎಂದೆ.

"ಅವ್ರಿಗೆ ಕೈ ಇದೆ. ನಂಗೆ ಬೋರ್ಡಿನ ಮೇಲೆ ಸ್ಕೇಲ್ ಇಲ್ದೆ ನೆಟ್ಟಗೆ ಒಂದು ಗೆರೆ ಎಳೆಯಕ್ಕೆ ಬರಲ್ಲ. ಅದಕ್ಕೇ ತರಿಸಿದ್ದು," ಎಂದಳು.

ನನ್ನ ಅಮ್ಮ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಇದೆಂತದೆ ವಿಜಯಾ, ಹೊಲಿಗೆ ಮಷೀನಾ?"

"ಮರ ಕೆತ್ತೋದು ಅತ್ತೆ. ಕಂಪ್ಯೂಟರ್ ಹೇಳ್ದಂಗೆ ಕೆತ್ತುತ್ತೆ."

"ಕಂಪ್ಯೂಟರಿಗೆ ಯಾರು ಹೇಳ್ತಾರೆ?"

"ನಾನು."

"ಹಂಗಾದ್ರೆ ಅಡ್ಡಿಲ್ಲ. ಇವ್ನು ಹೇಳೋದಾಗಿದ್ರೆ ಕಷ್ಟ ಇತ್ತು," ಎಂದು ಹೇಳಿ ಅಮ್ಮ ಒಳಗೆ ಹೋದರು.

ಜೋಡಣೆ ಶುರುವಾಯಿತು. ಊಟದ ಮೇಜು ಯಂತ್ರದ ಪಾಲಾದ್ದರಿಂದ ನಾವು ನೆಲದ ಮೇಲೆ ಕೂತು ಉಣ್ಣತೊಡಗಿದೆವು. ಪೆಟ್ಟಿಗೆಯ ಜೊತೆ ಬಂದಿದ್ದ ಕೈಪಿಡಿಯನ್ನು ಓದುವುದು ನನ್ನ ಕೆಲಸ. ಅದರಲ್ಲಿ ಮಾತೇ ಇರಲಿಲ್ಲ, ಬರೀ ಚಿತ್ರ. ಎಲ್ಲ ಚಿತ್ರದಲ್ಲೂ ಗುಂಡು ತಲೆಯ, ಕಣ್ಣು ಮೂಗಿಲ್ಲದ ಒಬ್ಬ ಮನುಷ್ಯ ಸ್ಕ್ರೂ ತಿರುಗಿಸುತ್ತಿದ್ದ. ಬಾಯಿ ಮಾತ್ರ ಇತ್ತು, ಅದೂ ನಗುತ್ತಿತ್ತು. ಮುಖವಿಲ್ಲದೆ ನಗುವವರ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಬಲಗಡೆಯ ಪಟ್ಟಿಗೂ ಎಡಗಡೆಯ ಪಟ್ಟಿಗೂ ಚಿತ್ರದಲ್ಲಿ ಏನೂ ವ್ಯತ್ಯಾಸ ಕಾಣದ್ದರಿಂದ ನಾನು ಎಡ ಎಂದಿದ್ದನ್ನು ವಿಜಯಾ ಬಲಕ್ಕೆ ಹಾಕುವಳು; ಅದು ಸರಿಯಾಗಿ ಕೂರುವುದು. ಕೊನೆಗೆ ಎಲ್ಲ ಮುಗಿದ ಮೇಲೂ ಒಂದು ಬಟ್ಟಲು ಸ್ಕ್ರೂ ಉಳಿಯಿತು. "ಎಕ್ಸ್‌ಟ್ರಾ ಕೊಟ್ಟಿರ್ತಾರೆ ರೀ," ಎಂದಳು. ವ್ಯಾಪಾರಿಯೊಬ್ಬ ಕೇಳದೆ ಹೆಚ್ಚಿಗೆ ಕೊಟ್ಟಿದ್ದಾನೆ ಎಂದರೆ ನಾನು ನಂಬಬೇಕೆ? ಕೋಣಂದೂರಿನಲ್ಲಿ ನನ್ನ ಚಿಕ್ಕಪ್ಪ ಒಬ್ಬರಿದ್ದರು. ಸದ್ದು ಮಾಡುತ್ತಿದ್ದ ಟೇಬಲ್ ಫ್ಯಾನನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಉಳಿದದ್ದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟಿದ್ದರು. ಆ ಫ್ಯಾನು ಆಮೇಲೆ ಸದ್ದು ಮಾಡಲಿಲ್ಲ. ಸ್ವಿಚ್ಚು ಹಾಕಿದರೆ ಮೇಜಿನ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಅಂಚಿಗೆ ಬಂದಾಗ ಯಾರಾದರೂ ಹಿಡಿದು ಹಿಂದಕ್ಕೆ ಇಡಬೇಕಿತ್ತು. ಚಿಕ್ಕಮ್ಮ ಬೇಸಿಗೆಯಿಡೀ ಗಾಳಿಗಿಂತ ಹೆಚ್ಚಾಗಿ ಆ ಫ್ಯಾನನ್ನೇ ಕಾದರು. ಈ ಕಥೆಯನ್ನು ಹೇಳಿದೆ. ವಿಜಯಾ ಕೇಳಿಸಿಕೊಂಡು, ಉಳಿದ ಸ್ಕ್ರೂಗಳ ಬಟ್ಟಲನ್ನು ನನ್ನ ಕಣ್ಣಿಗೆ ಬೀಳದ ಕಡೆ ಎತ್ತಿಟ್ಟಳು.

ಇಡೀ ಯಂತ್ರದಲ್ಲಿ ನನಗೆ ಒಪ್ಪಿಗೆಯಾದ ಭಾಗ ಒಂದೇ: ಒಂದು ಕೆಂಪು ಗುಂಡಿ. ಅಣಬೆಯಂತೆ ದಪ್ಪ ತಲೆ. ಏನಾದರೂ ಎಡವಟ್ಟಾದರೆ ಅದನ್ನು ಗುದ್ದಬೇಕು, ಎಲ್ಲವೂ ಅಲ್ಲಲ್ಲೇ ನಿಲ್ಲುತ್ತದೆ. ಅಧಿಕಾರಕ್ಕೆ ಲಗಾಮು ಅಂದೆನಲ್ಲ, ಇದೇ ಅದು. ವಿಜಯಾ ಅದನ್ನು ಮೇಜಿನ ಒಂದು ಮೂಲೆಯಲ್ಲಿ ಕೂರಿಸಿ, "ನೀವು ಇಲ್ಲಿ ನಿಂತ್ಕೊಳಿ. ನಾನು ಹೇಳಿದ್ ತಕ್ಷಣ ಒತ್ತಿ. ಬೇರೆ ಎಂತದೂ ಮುಟ್ಟಬೇಡಿ," ಎಂದಳು. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಸ್ಪಷ್ಟ ಖಾತೆ ಅದು.

ಮೊದಲು ಏನು ಕೆತ್ತಬೇಕು ಎಂಬುದನ್ನು ಅಮ್ಮ ತೀರ್ಮಾನಿಸಿದರು. ಬೆಳಿಗ್ಗೆ ವಾಕಿಂಗ್ ಹೋಗುವ ಗಣ್ಯರು ನಮ್ಮ ಕಾಂಪೌಂಡಿನ ದಾಸವಾಳವನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳುತ್ತಾರೆ ಎಂಬುದು ಅಮ್ಮನ ಹಳೆಯ ಸಂಕಟ. ನಮ್ಮ ಕಡೆ ಇದಕ್ಕೆ ಪೊಲೀಸರಿಗಿಂತ ಗಟ್ಟಿಯಾದ ಉಪಾಯವಿದೆ. 'ಸಿಗಂದೂರು ದೇವಿಯ ಕಾವಲಿದೆ' ಎಂದು ಒಂದು ಬೋರ್ಡು ಹಾಕಿದರೆ ಸಾಕು, ಕಳ್ಳ ಕೈಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಆ ಬೋರ್ಡನ್ನೇ ಕೆತ್ತುವುದು ಎಂದಾಯಿತು. ಆದರೆ ದೇವಿಯ ಹೆಸರು ಬರೆಯುವ ಯಂತ್ರ ಪೂಜೆಯಿಲ್ಲದೆ ಓಡುವುದುಂಟೆ? ಹೊಸ ಬೈಕಾದರೂ, ಗ್ರೈಂಡರಾದರೂ, ಕೊನೆಗೆ ಕಾಲೇಜಿನ ಝೆರಾಕ್ಸ್ ಮಷೀನಾದರೂ ನಾವು ಅರಿಶಿನ ಕುಂಕುಮ ಹಚ್ಚದೆ ಮುಟ್ಟಿದವರಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಮೋಟಾರಿಗೊಂದು ವೈರಿಗೊಂದು ಬೊಟ್ಟಿಟ್ಟು, ತೊಲೆಗೆ ಸೇವಂತಿಗೆ ಮಾಲೆ ಹಾಕಿ, ಆರತಿ ಎತ್ತಿದರು. ಕಂಪ್ಯೂಟರಿನ ಪರದೆಗೂ ಒಂದು ಬೊಟ್ಟು ಬಿತ್ತು. ನಾನು ಯಂತ್ರಕ್ಕೆ ಕೈಮುಗಿದೆ. ಭಕ್ತಿಯಿಂದ ಎಂದರೆ ಸುಳ್ಳಾಗುತ್ತದೆ. ಎದುರು ಪಕ್ಷದವರು ಸಿಕ್ಕಾಗ ಮುಗಿಯುತ್ತಾರಲ್ಲ, ಹಾಗೆ.

ಶುರು ಮಾಡುವ ಮೊದಲು ವಿಜಯಾ ಮಾಲೆಯನ್ನು ಜೋಪಾನವಾಗಿ ತೆಗೆದಳು. ಗಣಿತದವಳು, ಮರೆಯುವವಳಲ್ಲ. ಅವಳು ಕಂಪ್ಯೂಟರಿನ ಕಡೆ ತಿರುಗಿದ್ದಾಗ ಅಮ್ಮನಿಗೆ ಬೋಳು ಮೋಟಾರನ್ನು ನೋಡಲಾಗಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಒಂದು ತುಂಡು ಮಾಲೆಯನ್ನು ಮೋಟಾರಿನ ಹಿಂಬದಿಗೆ ಸಿಕ್ಕಿಸಿದರು. ಕಳ್ಳರಿಂದ ಉಳಿದಿದ್ದ ಒಂದೇ ಒಂದು ದಾಸವಾಳವನ್ನು ಎಲ್ಲಿಡುವುದೆಂದು ಸುತ್ತ ನೋಡಿದರು. ಇಡೀ ಯಂತ್ರದಲ್ಲಿ ಹೂವಿಗೆ ಹೇಳಿ ಮಾಡಿಸಿದಂಥ ಪೀಠ ಒಂದೇ ಇತ್ತು. ಕೆಂಪು ಗುಂಡಿಯ ಮೇಲೆ ಕೆಂಪು ದಾಸವಾಳ ಎಷ್ಟು ಚೆನ್ನಾಗಿ ಕೂತಿತೆಂದರೆ, ಮಗ್ಗುಲಲ್ಲೇ ನಿಂತಿದ್ದ ನನಗೂ ಅದು ಕಂಪನಿಯವರೇ ಇಟ್ಟು ಕಳಿಸಿದಂತೆ ಕಂಡಿತು.

ವಿಜಯಾ ಶುರು ಮಾಡಿದಳು. ಮೋಟಾರು ಜೇನು ಎದ್ದ ಹಾಗೆ ಗುಂಯ್ಗುಟ್ಟಿತು. ಮೊನೆ ಹಲಗೆಗೆ ಇಳಿದು 'ಸಿ' ಬರೆಯಿತು. ನಿಜಕ್ಕೂ ಬರೆಯಿತು, ಒಂದು ಗಳಿಗೆ ನನ್ನ ಅನುಮಾನವೂ ಬಾಯಿ ಬಿಟ್ಟುಕೊಂಡು ನೋಡಿತು. ಅಷ್ಟರಲ್ಲಿ ಸೇವಂತಿಗೆಯ ತುಂಡು ಜಾರಿ ತಿರುಗುವ ಭಾಗಕ್ಕೆ ಬಿತ್ತು. ಹಳದಿ ಎಸಳುಗಳು ಕೋಣೆಯ ತುಂಬ ಚಿಮ್ಮಿದವು. ಹೆಚ್ಚಿನವು ಅಮ್ಮನ ಬಲಗಡೆಗೆ ಬಿದ್ದವು. ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ನಮ್ಮಲ್ಲಿ ಅಪ್ಪಣೆಯಾದಂತೆ. "ಪ್ರಸಾದ ಆಯ್ತು ಕಣೆ ವಿಜಯಾ, ಬಲಗಡೆಗೇ ಆಯ್ತು," ಎಂದು ಅಮ್ಮ ಕೈಮುಗಿದರು.

ಅಮ್ಮ ಮಾಲೆಯನ್ನು ಬಾಳೆನಾರಿನಲ್ಲಿ ಕಟ್ಟಿದ್ದರೆ ಅದು ಅಲ್ಲಿಗೇ ಹರಿದುಹೋಗುತ್ತಿತ್ತು. ಗಟ್ಟಿಯಾಗಿರಲಿ ಎಂದು ನೈಲಾನ್ ದಾರದಲ್ಲಿ ಕಟ್ಟಿದ್ದರು. ದಾರ ಸುತ್ತಿಕೊಳ್ಳುತ್ತಾ ಪಕ್ಕದ ಒಂದು ವೈರನ್ನೂ ಎಳೆದುಕೊಂಡಿತು. ಎಲ್ಲಿ ನಿಲ್ಲಬೇಕು ಎಂದು ಯಂತ್ರಕ್ಕೆ ತಿಳಿಸುವ ವೈರೇ ಅದು. ಅಲ್ಲಿಂದ ಅದಕ್ಕೆ ಗಡಿಯೆಂಬುದೇ ಇರಲಿಲ್ಲ. ತೊಲೆ ಹಲಗೆಯನ್ನು ಬಿಟ್ಟು, ಮೊನೆಯನ್ನು ತಿರುಗಿಸುತ್ತಲೇ, ವಿಜಯಾ ಕೂತ ಕಡೆಗೆ ಹೊರಟಿತು. ಅವಳು ಎದ್ದು ದೂರ ಹೋಗುವ ಬದಲು ವೈರನ್ನು ಬಿಡಿಸಲು ಬಲಗೈ ಚಾಚಿದಳು. "ರೀ, ಗುಂಡಿ ಒತ್ತಿ," ಎಂದಳು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ ಗೊತ್ತಿಲ್ಲ. ಸಂವಿಧಾನದ ತಿದ್ದುಪಡಿ ವಿಧಾನವನ್ನು ಪಾಠ ಮಾಡುವಾಗ ಮಧ್ಯದಲ್ಲಿ ನಿಂತು ನೋಡಿದ್ದೇನೆ; ಮಕ್ಕಳು ನಾನು ಗಂಭೀರವಾಗಿ ಯೋಚಿಸುತ್ತಿದ್ದೇನೆ ಎಂದುಕೊಂಡರು. ಪ್ರತಿ ಸಲವೂ ಈ ಸಲವಾದರೂ ನೇರವಾಗಿ ಗುಂಡಿ ಗುದ್ದುತ್ತೇನೆ ಎಂದು ಕಾಯುತ್ತೇನೆ. ಗುದ್ದುವುದಿಲ್ಲ. ಕೈ ಮೇಲೆತ್ತಿದ್ದೇನೆ. ಗುಂಡಿಯ ಮೇಲೆ ಹೂವಿದೆ. ದೇವರಿಗೆ ಏರಿಸಿದ ಹೂವನ್ನು ಗುದ್ದುವುದು ಹೇಗೆ? ಎರಡು ಬೆರಳಿನಲ್ಲಿ ಹೂವನ್ನು ಎತ್ತುತ್ತೇನೆ. ಎತ್ತಿ, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಳ್ಳುತ್ತೇನೆ. ಕೆಳಗೆ ಹಾಕುವಂತಿಲ್ಲ, ಆದ್ದರಿಂದ ಇಡಲು ಜಾಗ ಹುಡುಕುತ್ತೇನೆ. ಅಮ್ಮ ಅಂಗೈ ಚಾಚುತ್ತಾರೆ. ಬಲಗೈಯಿಂದಲೇ ಕೊಡುತ್ತೇನೆ. ಅಮ್ಮನೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದನ್ನು ನೋಡಿದ ಮೇಲೆ ನಾನು ಗುಂಡಿಯನ್ನು ಒತ್ತುತ್ತೇನೆ.

ಅಷ್ಟರೊಳಗೆ ಮೊನೆ ಹೋಗಿ ಹಲಗೆಯನ್ನು ಬಿಗಿದಿದ್ದ ಕಬ್ಬಿಣದ ಕ್ಲಾಂಪಿಗೆ ಬಡಿದು, ಮುರಿದು, ಹಾರಿತ್ತು. ಗಾಜು ಒಡೆದ ಸದ್ದು ಕೇಳಿತು. ಎಲ್ಲ ನಿಂತ ಮೇಲೆ ವಿಜಯಾ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಮಣಿಕಟ್ಟಿನಲ್ಲಿದ್ದ ಹಸಿರು ಗಾಜಿನ ಬಳೆಗಳಲ್ಲಿ ಹೊರಗಿನ ಎರಡು ಇರಲಿಲ್ಲ. ಉಕ್ಕಿನ ಚೂರು ಅವಳ ಹಿಂದೆ ಬಾಗಿಲ ಚೌಕಟ್ಟಿನಲ್ಲಿ ಚುಚ್ಚಿಕೊಂಡಿತ್ತು. ಬಳೆಯ ಚೂರು ತಾಗಿ ಒಂದು ಸಣ್ಣ ಗೀರು, ಅಷ್ಟೇ. ಬಳೆಗೂ ಮಣಿಕಟ್ಟಿನ ನರಕ್ಕೂ ನಡುವೆ ಎಷ್ಟು ಜಾಗವಿರುತ್ತದೆ ಎಂದು ಆಮೇಲೆ ನಾನು ಅವಳು ಮಲಗಿದ್ದಾಗ ನೋಡಿದ್ದೇನೆ. ಒಂದು ಬೆರಳು ಸಹ ಸಲೀಸಾಗಿ ಹೋಗುವುದಿಲ್ಲ.

ಬಳೆ ಒಡೆದದ್ದನ್ನು ಕಂಡು ಅಮ್ಮನ ಮುಖ ಬಿಳಿಚಿಕೊಂಡಿತ್ತು. ನಾನು ನೆಲದ ಮೇಲೆ ಕೂತು ಹಸಿರು ಚೂರುಗಳನ್ನು ಆಯತೊಡಗಿದೆ. ಆಗ ನನ್ನಿಂದಾಗುವ ಮರ್ಯಾದೆಯ ಕೆಲಸ ಅದೊಂದೇ ಎನಿಸಿತು. ಕೊನೆಗೆ ವಿಜಯಾ ಕೇಳಿದಳು, "ನೀವು ಹೂವು ಕಣ್ಣಿಗೆ ಒತ್ತಿಕೊಂಡ್ರಾ?"

"ಹ್ಞೂಂ."

"ಎರಡೂ ಕಣ್ಣಿಗಾ?"

"ಅಭ್ಯಾಸ ಮಾರಾಯ್ತಿ."

ಅಮ್ಮ ನಡುವೆ ಬಂದರು. "ಅವ್ನು ಕಣ್ಣಿಗೊತ್ತಿಕೊಂಡಿದ್ದಕ್ಕೇ ನಿನ್ನ ಕೈ ಉಳೀತು. ಸೀದಾ ಗುದ್ದಿದ್ರೆ ಎಂತಾಗ್ತಿತ್ತೋ." ವಿಜಯಾ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಗಲು ಶುರು ಮಾಡಿದವಳು ಸ್ವಲ್ಪ ಹೊತ್ತಿಗೆ ಅಳುತ್ತಿದ್ದಳು. ಅಮ್ಮ ಅವಳ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದರು. ಸಂಜೆ ತಾವೇ ಪೇಟೆಗೆ ಹೋಗಿ ಹೊಸ ಬಳೆ ತಂದು ತೊಡಿಸಿದರು.

ಯಂತ್ರವನ್ನು ಮಾರಿಬಿಡೋಣ ಎಂದು ನಾನು ಸಾಕಷ್ಟು ಭಾಷಣ ಮಾಡಿದೆ. ವಿಜಯಾ ವೈರು ಬದಲಿಸಿದಳು, ಸುತ್ತಲೂ ದಪ್ಪ ಪ್ಲಾಸ್ಟಿಕ್ ಹಾಳೆಯ ತಡೆ ಕಟ್ಟಿದಳು, ಕಣ್ಣಿಗೆ ಕನ್ನಡಕ ತಂದಳು. ಯಂತ್ರ ಓಡುವಾಗ ಬಳೆ ಬಿಚ್ಚಿಡುತ್ತಾಳೆ. ಅದಕ್ಕೆ ಅಮ್ಮ ಒಪ್ಪಿದ್ದೇ ಒಂದು ಕ್ರಾಂತಿ. ಪೂಜೆಯನ್ನು ಈಗ ಯಂತ್ರ ಬಂದ ಖಾಲಿ ರಟ್ಟಿನ ಪೆಟ್ಟಿಗೆಗೆ ಮಾಡುತ್ತಾರೆ. ನನ್ನ ಖಾತೆ ಮಾತ್ರ ಬದಲಾಗಿಲ್ಲ. ಕೆಂಪು ಗುಂಡಿಗೆ ಉದ್ದನೆಯ ವೈರು ಸೇರಿಸಿ, ಒಂದು ಡಬ್ಬಿಯಲ್ಲಿ ಕೂರಿಸಿ, ನನ್ನ ಕೈಗೇ ಕೊಟ್ಟಿದ್ದಾಳೆ. ಮೊದಮೊದಲು ನಾನು ಬೀದಿಯಲ್ಲಿ ಆಟೋ ಹೋದರೂ ಒತ್ತುತ್ತಿದ್ದೆ. ಹಾಗೆ ಒತ್ತಿ ಒತ್ತಿ ದೇವಿಯ ಬೋರ್ಡನ್ನು ಎಷ್ಟೋ ಸಲ ಅರ್ಧಕ್ಕೆ ನಿಲ್ಲಿಸಿ ಹಲಗೆ ಹಾಳು ಮಾಡಿದೆ. ವಿಜಯಾ ಬೈಯಲಿಲ್ಲ. "ಒಂಚೂರು ರಿಪೇರಿ ಮಾಡ್ತೀನಿ ಕೊಡಿ," ಎಂದು ಡಬ್ಬಿಯನ್ನು ತೆಗೆದುಕೊಂಡು ಹೋಗಿ, ಮಾರನೆಯ ದಿನ ವಾಪಸು ಕೊಟ್ಟಳು.

ಆವತ್ತಿನಿಂದ ಅವಳ ಕಾಲ ಬಳಿ ಒಂದು ಪೆಡಲ್ ಕಾಣಿಸಿಕೊಂಡಿದೆ. ಅದನ್ನು ಒತ್ತಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಅವಳು ನಿಲ್ಲಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾದರೆ ನನ್ನ ಕೈಯಲ್ಲಿರುವುದರ ವೈರು ಮೇಜಿನ ಕೆಳಗೆ ಹೋಗಿ ಯಾವುದಕ್ಕಾದರೂ ಸೇರಿದೆಯೋ, ಸುಮ್ಮನೆ ಸುತ್ತಿಟ್ಟಿದೆಯೋ? ಬಗ್ಗಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಒಮ್ಮೆ ಒತ್ತಿದರೂ ಸಾಕು. ಬೀಗ ಹಾಕಿದ ಬಾಗಿಲನ್ನು ಎಳೆದು ನೋಡುವ ನಾನು ಇದೊಂದನ್ನು ಮಾತ್ರ ಪರೀಕ್ಷಿಸಲು ಹೋಗಿಲ್ಲ. ಯಂತ್ರ ಓಡುವಾಗ ಡಬ್ಬಿಯನ್ನು ಎದೆಗವಚಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಅವಳ ಮಣಿಕಟ್ಟನ್ನೇ ನೋಡುತ್ತಾ ನಿಂತಿರುತ್ತೇನೆ. "ಇದೀರಾ?" ಎಂದು ಅವಳು ತಿರುಗದೆಯೇ ಕೇಳುತ್ತಾಳೆ. "ಇದೀನಿ," ಎನ್ನುತ್ತೇನೆ, ಪೂರ್ತಿ ಜವಾಬ್ದಾರಿಯ ದನಿಯಲ್ಲಿ.